ಸೋಸುವ ಅರಿವೆಯಲ್ಲಿ ಉಳಿದದ್ದು

ಮಿರಜ ಸ್ಟೇಶನ್ನಿನಲ್ಲಿ ಇಳಿದರೆ ಮನೆಗೆ ನಡೆದುಕೊಂಡೇ ಹೋಗುವುದು ನನ್ನ ಹಳೆಯ ಚಟ. ಈ ಸಲವೂ ಹಾಗೆಯೇ ಹೊರಟವಳು ಒಂದು ಹೊಸ ಟೀವಿ ಅಂಗಡಿಯ ಮುಂದೆ ನಿಂತುಬಿಟ್ಟೆ. ಟೀವಿ ನೋಡಲಿಕ್ಕಲ್ಲ. ಪೇಂಟರ್ ಒಬ್ಬ ಅಂಗಡಿಯ ಶಟರಿಗೆ ಬಣ್ಣ ಹಚ್ಚುತ್ತಿದ್ದ, ಅವನ ಡಬ್ಬಿಯಿಂದ ಥಿನ್ನರ್ ವಾಸನೆ ಬರುತ್ತಿತ್ತು. ಮಂದಿ ಮೂಗಿಗೆ ಸೆರಗು ಹಿಡಿದು ದಾಟುವ ವಾಸನೆ ಅದು. ನಾನು ಮಾತ್ರ ನಿಂತು ಎದೆ ತುಂಬ ಎಳೆದುಕೊಂಡೆ. ಪೇಂಟರ್ ನನ್ನನ್ನು ಒಂದು ನಮೂನೆ ನೋಡಿದ.

ಅಷ್ಟರಲ್ಲಿ ಅಂಗಡಿಯವನು ಹೊರಗೆ ಬಂದ. "ಬರ್ರಿ ಮಾವಶಿ, ಒಳಗ ಬಂದು ನೋಡ್ರಿ, ನೋಡಾಕ ರೊಕ್ಕಾ ಕೊಡೂದು ಬ್ಯಾಡ," ಎಂದು ನಗುತ್ತ ಒಳಗೆ ಕರೆದು, ಗೋಡೆಯಷ್ಟಗಲದ ಒಂದು ಪರದೆಯ ಮುಂದೆ ನಿಲ್ಲಿಸಿದ. "ಇದು ಓಎಲ್‌ಇಡಿ ನೋಡ್ರಿ. ಇದರ ಹಿಂದ ಬಲ್ಬ್ ಇರೂದಿಲ್ಲ. ಒಂದೊಂದು ಚುಕ್ಕಿ ತನ್ನಷ್ಟಕ್ಕ ತಾನ ಬೆಳಗತೈತಿ."

"ಹೌದೇನ? ಹೆಂಗ ಬೆಳಗತೈತಪಾ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಅದು ಕಂಪನಿಯವರಿಗೆ ಗೊತ್ತರಿ. ನಮ್ಮದು ಮಾರೂದಷ್ಟ ಕೆಲಸ."

ನನಗೆ ನಗು ತಡೆಯಲಾಗಲಿಲ್ಲ. ಅದು ಹೇಗೆ ಬೆಳಗುತ್ತದೆ ಎಂಬುದರ ಬೆನ್ನು ಹತ್ತಿ ನಾನು ಒಂದು ಇಡೀ ಮಳೆಗಾಲವನ್ನು ಸಾಂಗ್ಲಿಯ ಒಂದು ಕತ್ತಲೆ ಕೋಣೆಯಲ್ಲಿ, ಇದೇ ಥಿನ್ನರ್ ವಾಸನೆಯ ನಡುವೆ ಕಳೆದಿದ್ದೆ. ಆ ಮಳೆಗಾಲದ ದಡ್ಡತನ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೆ ಬಾಳಿನಲ್ಲಿ ಇನ್ನೊಂದು ಸಲ ಸಿಗಲಿ ಎಂದು ಬೇಡುವುದಾದರೆ ಅದನ್ನೇ ಬೇಡುತ್ತೇನೆ.

ಮೊಬೈಲ್ ಫೋನು ಇನ್ನೂ ಶೋಕಿಯ ವಸ್ತುವಾಗಿದ್ದ ಕಾಲ. ಮಿರಜಿನಿಂದ ಸಾಂಗ್ಲಿಗೆ ಸಿಟಿ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದೆ. ನಾನು ಸಣ್ಣವಳಿದ್ದಾಗ ಆ ರಸ್ತೆಯ ಎರಡೂ ಕಡೆ ಹೊಲಗಳಿದ್ದವು. ಆ ಹೊತ್ತಿಗಾಗಲೇ ಅಲ್ಲಿ ಮೋಟರ್ ಸೈಕಲ್ ಶೋರೂಮು, ಮದುವೆಯ ಕಾರ್ಯಾಲಯ, ಹತ್ತು ಹೆಜ್ಜೆಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು "ಏನು ಕಲಿತಿ?" ಎಂದು ಕೇಳಿದಾಗ "ಫಿಸಿಕ್ಸ್, ಎಂ.ಫಿಲ್." ಎಂದರೆ, "ಕಂಪ್ಯೂಟರ್ ಸಿಗಲಿಲ್ಲೇನ?" ಎಂದು ಕನಿಕರದಿಂದ ನೋಡುತ್ತಿದ್ದರು.

ನನ್ನ ಗೈಡು ಶೇಟೆ ಸರ್. ಅವರದು ಸಾಂಗ್ಲಿ ಪೇಟೆಯಲ್ಲಿ ತಲೆಮಾರುಗಳಿಂದ ಅರಿಷಿಣದ ವ್ಯಾಪಾರ ಮಾಡಿಕೊಂಡು ಬಂದ ಕನ್ನಡ ಮೂಲದ ಮನೆತನ. ಅಣ್ಣಂದಿರೆಲ್ಲ ಅಂಗಡಿಯಲ್ಲಿ ಕೂತರೆ ಇವರೊಬ್ಬರು ಕಾಲೇಜಿನಲ್ಲಿ ಪಾಠ ಮಾಡಿದರು. "ನಮ್ಮ ಮನ್ಯಾಗ ಎಲ್ಲಾರೂ ಅರಿಷಿಣ ಮಾರತಾರ, ನಾ ಬೆಳಕು ಮಾರಾಂವ. ಇನ್ನೂ ಒಂದು ಗಿರಾಕಿ ಬಂದಿಲ್ಲ," ಎಂದು ತಮ್ಮನ್ನು ತಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು. ತರಗತಿಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ ಬರುತ್ತಿದ್ದವು.

ಮೊದಲ ಮಹಡಿಯ ತುದಿಯಲ್ಲಿ ಕಿಟಕಿಗಳಿಗೆ ಕರಿ ಬಟ್ಟೆ ಹೊಡೆದ ಕೋಣೆ ಅವರದು. ಜೂನ್ ತಿಂಗಳ ಮೊದಲ ಮಳೆ ಬಿದ್ದ ದಿನವೇ ಪ್ರಾಚಾರ್ಯರು ಅವರನ್ನು ಕರೆಸಿ ಒಂದು ಮಾತು ಹೇಳಿ ಕಳಿಸಿದರು. ಹೊಸ ಕಂಪ್ಯೂಟರ್ ಕೋರ್ಸಿಗೆ ಕೋಣೆ ಬೇಕು. ದೀಪಾವಳಿ ರಜೆಯೊಳಗೆ ನಿಮ್ಮ ಕೋಣೆಯಲ್ಲಿ ಏನಾದರೂ ಆಗಿದ್ದು ತೋರಿಸಿ, ಇಲ್ಲವಾದರೆ ಕೀಲಿ ಕೊಡಿ. ಸರ್ ವಾಪಸ್ ಬಂದು ಅದನ್ನು ನನಗೆ ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. ಕೋಣೆ ಹೋದರೆ ನನ್ನ ಎಂ.ಫಿಲ್. ಕೂಡ ಅಲ್ಲಿಗೇ ಮುಗಿಯುತ್ತಿತ್ತು. ಮನೆಯಿಂದ ದಿನಾ ಹೋಗಿ ಬರುವಷ್ಟು ದೂರದಲ್ಲಿ ಇಂಥ ಕೆಲಸ ನಡೆಯುವ ಇನ್ನೊಂದು ಕೋಣೆ ಇರಲಿಲ್ಲ, ದೂರ ಹೋಗಿ ಕಲಿಯಲು ಮನೆಯಲ್ಲಿ ಒಪ್ಪುತ್ತಿರಲಿಲ್ಲ. ಸರ್‌ಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಅವರಿಗೆ ಮತ್ತೊಂದು ಕೋಣೆ ಯಾರೂ ಕೊಡುತ್ತಿರಲಿಲ್ಲ.

ನಾವು ಮಾಡುತ್ತಿದ್ದುದು ಹೇಳಲಿಕ್ಕೆ ಸುಲಭ. ಕರೆಂಟ್ ಹರಿಯುವ ಲೇಪವಿದ್ದ ಗಾಜಿನ ಚೂರು. ಅದರ ಮೇಲೆ ಪಾಲಿಮರಿನ ಒಂದು ಪದರ, ತಲೆಗೂದಲನ್ನು ನೂರಾರು ಸೀಳು ಮಾಡಿದರೆ ಒಂದು ಸೀಳಿನಷ್ಟು ತೆಳು. ಅದರ ಮೇಲೆ ಅಲ್ಯುಮಿನಿಯಂ. ಕರೆಂಟ್ ಕೊಟ್ಟರೆ ನಡುವಿನ ಪಾಲಿಮರ್ ತಾನೇ ಕಿತ್ತಳೆ ಬಣ್ಣಕ್ಕೆ ಬೆಳಗಬೇಕು. ಬೆಳಗುವ ಚೌಕ ಕಿರುಬೆರಳಿನ ಉಗುರಿನಷ್ಟು. ತೊಂದರೆ ಏನೆಂದರೆ, ಬರೀ ಪಾಲಿಮರ್ ಇದ್ದರೆ ವೋಲ್ಟೇಜ್ ಬಹಳ ಬೇಕು, ಚಹಾ ಕುದಿಯುವಷ್ಟರಲ್ಲಿ ಚೌಕ ಸತ್ತುಹೋಗುತ್ತಿತ್ತು. ಪಾಲಿಮರಿನೊಳಗೆ ಟೈಟೇನಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು, ಅಂದರೆ ನ್ಯಾನೋ ಕಣಗಳನ್ನು, ಬೆರೆಸಿದರೆ ಕರೆಂಟಿಗೆ ದಾರಿ ಸಲೀಸಾಗಿ, ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಹೊತ್ತು ಬೆಳಗುತ್ತದೆ ಎಂದು ಸರ್ ಓದಿದ್ದರು. ಗೋಡೆಯ ಬಿಳಿ ಬಣ್ಣದಲ್ಲಿ ಇರುವುದೂ ಅದೇ ಆಕ್ಸೈಡು. ನಮ್ಮದು ಅದಕ್ಕಿಂತ ಎಷ್ಟೋ ಪಾಲು ಸಣ್ಣದು, ನಾನೇ ಕೈಯಾರೆ ಮಾಡಿದ್ದು. ಅದನ್ನು ಒಲೆಯಲ್ಲಿ ಒಣಗಿಸಿ, ಹಿಟ್ಟಿನ ಹಾಗೆ ಪುಡಿ ಮಾಡಿ, ಪಾಲಿಮರ್ ಕರಗಿಸಿದ ದ್ರಾವಣಕ್ಕೆ ಬೆರೆಸುವುದು. ಥಿನ್ನರ್ ವಾಸನೆ ಆ ದ್ರಾವಣದ್ದು.

ಬೆರೆಸಿದೆ. ಗಾಜಿನ ಮೇಲೆ ಹನಿಸಿ, ಗಿರಗಿರ ತಿರುಗಿಸಿ ಪದರ ಮಾಡಿದೆ. ಕರೆಂಟ್ ಕೊಟ್ಟರೆ ಪಟ್ ಅಂತ ಒಂದು ಕಿಡಿ, ಅಷ್ಟೇ. ಇನ್ನೊಂದು ಮಾಡಿದೆ, ಮತ್ತೆ ಪಟ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಟ್ಟ ಉಪ್ಪಿಟ್ಟಿನಲ್ಲಿ ಇರುವ ಹಾಗೆ ತುಂಬ ಗಂಟು. ಕಣಗಳು ಒಂದಕ್ಕೊಂದು ಅಂಟಿಕೊಂಡು, ಪದರವನ್ನು ತೂರಿ, ಮೇಲಿನ ಲೋಹಕ್ಕೂ ಕೆಳಗಿನ ಲೇಪಕ್ಕೂ ನೇರ ಸೇತುವೆ ಕಟ್ಟುತ್ತಿದ್ದವು. ಅದರ ಮೇಲೆ ಲೋಡ್ ಶೆಡ್ಡಿಂಗ್ ಬೇರೆ. ಕರೆಂಟ್ ಹೋಗುವ ವೇಳಾಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದೆವು, ಅದು ಆ ಪಟ್ಟಿಯ ಮಾತು ಕೇಳುತ್ತಿರಲಿಲ್ಲ. ಊರಿಗೇ ಬೆಳಕಿಲ್ಲದಾಗ ಉಗುರಿನಷ್ಟು ಬೆಳಕಿಗೆ ಇಬ್ಬರು ಇಷ್ಟು ಒದ್ದಾಡುವುದು ನೋಡಿ ಪಕ್ಕದ ಲ್ಯಾಬಿನವರು ನಗುತ್ತಿದ್ದರು.

ಆಗಲೇ ನನಗೆ ಆ ಜಾಣ ಉಪಾಯ ಹೊಳೆದದ್ದು. ಗಂಟು ಇವೆಯೇ? ಸೋಸಿದರಾಯಿತು!

ಸೋಸುವುದೆಂದರೆ ನನಗೆ ಹುಟ್ಟಿನಿಂದ ಬಂದದ್ದು. ನಮ್ಮದು ಸಲಗರೆ ಕಡೆಯಿಂದ ಮಿರಜಿಗೆ ಬಂದ ಜೈನರ ಮನೆ. ಅಪ್ಪನ ತಾಯಿ, ನಮ್ಮ ಆಯಿ, ಇರುವವರೆಗೆ ಮನೆಯಲ್ಲಿ ಸೋಸದ ನೀರು ಯಾರ ಗಂಟಲಿಗೂ ಇಳಿದಿಲ್ಲ. ಹಿತ್ತಲ ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ಬಿಳಿ ಅರಿವೆಯಲ್ಲಿ ಸೋಸಬೇಕು. ಮಳೆಗಾಲದ ಚಾತುರ್ಮಾಸದಲ್ಲಂತೂ ಅವಳ ಕಣ್ಣು ತಪ್ಪಿಸುವ ಹಾಗಿರಲಿಲ್ಲ. ನಾನು ಕಾಲೇಜಿಗೆ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಪದ್ಮಾ, ಸೋಸಿದ ನೀರು ತಗೊಂಡಿಯಿಲ್ಲ?"

"ತಗೊಂಡೇನಿ ಆಯಿ, ಬಸ್ ಹೊಂಟತು!"

"ಆ ಕಾಲೇಜಿನ ನಳದ ನೀರು ಮುಟ್ಟಬ್ಯಾಡ. ಮತ್ತ ಆ ಕತ್ತಲಿ ಕ್ವಾಣ್ಯಾಗ ಏನೇನು ಕೊಲ್ಲತೀರೋ ಯಾರಿಗೆ ಗೊತ್ತು."

ಲ್ಯಾಬ್ ಅಂದರೆ ಕಪ್ಪೆ ಕೊಯ್ಯುವ ಜಾಗ ಎಂದು ಅವಳ ಗಟ್ಟಿ ನಂಬಿಕೆ. ಅಲ್ಲ ಎಂದು ನೂರು ಸಲ ಹೇಳಿದರೂ ಒಪ್ಪಿದವಳಲ್ಲ. ಗೆಳತಿಯರೆದುರು ಆ ನೀರಿನ ಬಾಟ್ಲಿ ತೆಗೆಯಲು ನನಗೆ ಮುಜುಗರ. ಆದರೂ ಒಯ್ಯುತ್ತಿದ್ದೆ.

ಸರಿ, ದ್ರಾವಣವನ್ನು ಸೋಸಿದೆ. ಲ್ಯಾಬಿನಲ್ಲಿ ಸೋಸಲು ಹಪ್ಪಳದಂಥ ತೆಳು ಬಿಳಿ ಬಿಲ್ಲೆಗಳಿದ್ದವು, ಅವುಗಳ ತೂತು ಕಣ್ಣಿಗೆ ಕಾಣದಷ್ಟು ಸಣ್ಣವು. ದ್ರಾವಣ ಕುಂಕುಮ ಕಲಸಿದ ನೀರಿನ ಹಾಗೆ ಕೆಂಪಗೆ, ಒಂದೂ ಗಂಟಿಲ್ಲದೆ ಇಳಿಯಿತು. ಪದರ ಕನ್ನಡಿಯ ಹಾಗೆ ಬಂತು. ಕರೆಂಟ್ ಕೊಟ್ಟೆವು, ಚೌಕ ಹತ್ತಿತು! "ಭಲೇ ಹುಡುಗಿ! ಜೈನರ ಕೈ ಅಂದ್ರ ಇದು!" ಎಂದು ಸರ್ ಮೇಜು ಗುದ್ದಿದರು. ಆ ಸಂಜೆ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಮರುದಿನ ಅಳೆದು ನೋಡಿದರೆ ಮುಖ ಸಪ್ಪಗಾಯಿತು. ಬರೀ ಪಾಲಿಮರಿನ ಚೌಕಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಷ್ಟೇ ವೋಲ್ಟೇಜು, ಅಷ್ಟೇ ಬೆಳಕು, ಅಷ್ಟೇ ಆಯುಷ್ಯ. ಪುಡಿ ಕಡಿಮೆಯಾಯಿತೇನೋ ಎಂದು ಹೆಚ್ಚು ಹಾಕಿದೆ, ಸೋಸಿದೆ, ಅಷ್ಟೇ. ಇನ್ನೂ ಹೆಚ್ಚು ಹಾಕಿದೆ, ಸೋಸಿದೆ, ಅಷ್ಟೇ. ಐದು ವಾರ ಹೀಗೆ ಹೋಯಿತು. ಶ್ರಾವಣ ಬಂತು, ಹೊರಗೆ ಮಳೆ ಬಿಡಲಿಲ್ಲ. ಒಂದು ದಿನ ಯಾರೋ ಒಬ್ಬರು ಟೇಪು ಹಿಡಿದುಕೊಂಡು ಬಂದು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಎಷ್ಟು ಕಂಪ್ಯೂಟರ್ ಮೇಜು ಹಿಡಿಸುತ್ತವೆ ಎಂದು ಕೋಣೆ ಅಳೆದುಕೊಂಡು ಹೋದರು. ಸರ್ ಆ ದಿನ ಚೇಷ್ಟೆ ಮಾಡಲಿಲ್ಲ. ಕಪಾಟಿನ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದರು. ನನಗೆ ಅಳು ಬಂತು, ಮೋರೆ ಆಚೆ ಮಾಡಿಕೊಂಡೆ.

ಆ ವಾರವೇ ಕೃಷ್ಣೆ ಏರಿದಳು. ಸಾಂಗ್ಲಿವಾಡಿಯ ಸೇತುವೆ ಬಂದ್ ಆಯಿತು. ಸರ್ ಮನೆ ಆಚೆ ದಂಡೆಯಲ್ಲಿ, ಅವರು ಅಲ್ಲೇ ಉಳಿದರು. ಕಾಲೇಜಿಗೆ ರಜೆ ಕೊಟ್ಟರು, ನಾನು ಮಿರಜಿನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತೆ. ಆಯಿಗೆ ಮೊಣಕಾಲು ನೋವು. "ಇವತ್ತೊಂದಿನ ನೀರು ನೀ ಸೇದು," ಎಂದಳು. ಮಳೆಯಲ್ಲಿ ತೊಯ್ಯುತ್ತ ಎರಡು ಕೊಡ ಸೇದಿದೆ, ದಡಬಡ ಸೋಸಿದೆ, ಅರಿವೆ ಹಿಂಡಿ ಪಡಸಾಲೆಯ ತಂತಿಗೆ ಹಾಕಿ ಒಳಗೆ ಬಂದೆ.

ಆಯಿ ಎದ್ದು ಕುಂಟುತ್ತ ಹೋಗಿ ತಂತಿಯನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ಏನಿದು? ಅರಿವಿ ಹಿಂಡಿ ಒಣಗಾಕ ಹಾಕೀಯಲ್ಲ, ಇದರಾಗ ಉಳದದ್ದು ಎಲ್ಲಿ ಹೋತು?"

"ಎಲ್ಲಿ ಹೋಗತೈತಿ ಆಯಿ, ಅಲ್ಲೇ ಐತಿ."

"ಅದನ್ನ ಕೇಳಾಕತ್ತೇನಿ! ನೀರು ಸೋಸೂದು ನಿನ್ನ ಹೊಟ್ಟಿ ಸಲುವಾಗಿ ಅಂತ ಮಾಡೀಯೇನ? ಅರಿವ್ಯಾಗ ಉಳದ ಜೀವದ ಸಲುವಾಗಿ. ಅರಿವಿ ತಿರುವಿ ಹಿಡದು, ಮ್ಯಾಲೆ ಸೋಸಿದ ನೀರು ಸುರುವಿ, ತಿರುಗಿ ಬಾವಿಗೇ ಬಿಡಬೇಕು. ಎಲ್ಲಿಂದ ಬಂದಾವೋ ಅಲ್ಲಿಗೆ. ಅದೂ ಹಸಿ ಇದ್ದಾಗ. ಒಮ್ಮೆ ಒಣಗಿತಂದ್ರ ಮುಗೀತು, ಆಮ್ಯಾಲೆ ಕೊಡಗಟ್ಟಲೆ ಸುರುವಿದರೂ ಏನೂ ಬರೂದಿಲ್ಲ. ಸಣ್ಣಾಕಿದ್ದಾಗಿಂದ ಹೇಳೇನಿ, ಅರ್ಧಾನ ಕಲತೀಯಲ್ಲ ನೀ!"

ನಾನು ತಂತಿಯ ಮೇಲಿನ ಆ ಅರಿವೆ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಉಳಿದದ್ದು ಎಲ್ಲಿ ಹೋಯಿತು? ಐದು ವಾರದ ಬಿಲ್ಲೆಗಳನ್ನು ನಾನು ಕಸದ ಬುಟ್ಟಿಗೆ ಎಸೆದಿದ್ದೆ. ಅವಕ್ಕೆ ಪಾಲಿಮರಿನ ಕೆಂಪು ಕಲೆ ಹತ್ತಿರುತ್ತಿತ್ತು, ಆ ಕೆಂಪಿನ ಕೆಳಗೆ ಏನಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ಅಯ್ಯೋ ದೇವರೇ! ಗಂಟಿನ ಜೊತೆ ನಾನು ಕಣಗಳನ್ನೇ ಸೋಸಿ ಎಸೆದಿದ್ದೆ. ಒಣಗಿಸಿದ್ದಕ್ಕೇ ಅವು ಗಂಟಾಗಿದ್ದವು. ಕೆಳಗೆ ಇಳಿದದ್ದು ಬರೀ ಪಾಲಿಮರ್.

ಓಡಿ ಹೋಗಿ ಸರ್ ಮನೆಗೆ ಫೋನ್ ಮಾಡಿದೆ. "ಸರ್, ನಾವು ಐದು ವಾರ ಬರೇ ಪಾಲಿಮರ್ ಬೆಳಗಿಸೇವ್ರಿ. ಪುಡಿಯೆಲ್ಲಾ ಬಿಲ್ಲ್ಯಾಗ ಉಳದೈತಿ."

ಆ ಕಡೆಯಿಂದ ಒಂದು ದೊಡ್ಡ ನಗೆ ಕೇಳಿಸಿತು. "ಎಲಾ ಇವಳ! ನಾನೂ ನಿನ್ನ ಜೋಡಿ ಕುಣದ್ನಲ್ಲ! ಯಾರು ಹೇಳಿದ್ರು ನಿನಗ?"

"ನಮ್ಮ ಆಯಿ."

"ಅವರನ್ನ ಮೊದಲಽ ಗೈಡ್ ಮಾಡ್ಕೋಬೇಕಾಗಿತ್ತು ನೀನು."

ನೀರು ಇಳಿದ ಮೇಲೆ ಹೋಗಿ ಮಾಡಿದ ಮೊದಲ ಕೆಲಸ, ಹೊಸ ಬಿಲ್ಲೆ ತೂಗಿ, ದ್ರಾವಣ ಸೋಸಿ, ಅಂಟಿದ ಪಾಲಿಮರನ್ನು ತೊಳೆದು, ಒಣಗಿಸಿ ಮತ್ತೆ ತೂಗಿದ್ದು. ಹಾಕಿದ ಪುಡಿ ಹೆಚ್ಚುಕಡಿಮೆ ಎಲ್ಲ ಅದರಲ್ಲೇ ಕೂತಿತ್ತು. ಆಮೇಲೆ ಕೆಲಸವನ್ನು ಬುಡದಿಂದ ಬದಲಿಸಿದೆವು. ಕಣಗಳನ್ನು ಒಣಗಿಸುವುದು ಬಂದ್. ಹುಟ್ಟಿದ ಗಳಿಗೆಯಿಂದ ಗಾಜಿಗೆ ಏರುವವರೆಗೆ ಅವು ಹಸಿಯಾಗಿಯೇ ಇರಬೇಕು. ಒಂದಕ್ಕೊಂದು ಅಂಟದ ಹಾಗೆ ಎಣ್ಣೆಯಂಥ ಒಂದು ಆಮ್ಲದ ಹನಿ ಕೂಡಿಸಿ, ಸದ್ದಿನ ಬಲದಿಂದ ನಡುಗುವ ಸಣ್ಣ ತೊಟ್ಟಿಯಲ್ಲಿ ಅಲುಗಾಡಿಸಿ, ಸೋಸಿ, ಬಿಲ್ಲೆಯನ್ನು ತಿರುವಿ ಹಾಕಿ ಅದರಲ್ಲಿ ಉಳಿದದ್ದನ್ನು ಮರಳಿ ತೊಳೆದುಕೊಂಡು ಮತ್ತೆ ಅಲುಗಾಡಿಸುವುದು. ಕರೆಂಟ್ ಹೋದರೆ ತೊಟ್ಟಿ ನಿಲ್ಲುತ್ತಿತ್ತು; ಆಗ ಬಾಟ್ಲಿಯನ್ನು ಕೈಯಲ್ಲೇ ಸರದಿಯ ಮೇಲೆ ಅಲುಗಾಡಿಸುತ್ತಿದ್ದೆವು, ಒಮ್ಮೆ ನಾನು, ಒಮ್ಮೆ ಸರ್. ಬಿಲ್ಲೆಯಲ್ಲಿ ಉಳಿಯುವುದು ದಿನಕ್ಕಿಷ್ಟು ಕಡಿಮೆಯಾಗುತ್ತ ಹೋಯಿತು. ನವರಾತ್ರಿ ಹೊತ್ತಿಗೆ ಏನೂ ಉಳಿಯದ ಹಾಗಾಯಿತು, ಎಲ್ಲ ಕಣಗಳೂ ಬಿಡಿಬಿಡಿಯಾಗಿ ಕೆಳಗೆ ಇಳಿದವು. ಅವನ್ನು ಪಾಲಿಮರಿಗೆ ಬೆರೆಸಿ ಮಾಡಿದ ಮೊದಲ ಚೌಕ ಹತ್ತಿದಾಗ ಸರ್ ಮೇಜು ಗುದ್ದಲಿಲ್ಲ. ಮೀಟರಿನಲ್ಲಿ ವೋಲ್ಟೇಜು ಇಳಿದ ಅಂಕಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಮತ್ತೆ ಓದಿದರು.

ದೀಪಾವಳಿ ರಜೆಗೆ ನಾಲ್ಕು ದಿನ ಮೊದಲು ಪ್ರಾಚಾರ್ಯರು ಬರುವವರಿದ್ದರು. ಆ ದಿನ ನಾನು ಹಟ ಮಾಡಿ ಆಯಿಯನ್ನೂ ಕರೆದುಕೊಂಡು ಹೋದೆ. ತನ್ನ ನೀರಿನ ತಂಬಿಗೆ ಮಡಿಲಲ್ಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಬಂದವಳು ಕೋಣೆಯ ಬಾಗಿಲಲ್ಲಿ ನಿಂತು ಮೂಲೆ ಮೂಲೆ ನೋಡಿದಳು, ಕಪ್ಪೆ ಎಲ್ಲಿ ಎಂದು.

"ಬರ್ರಿ ಆಯಿ, ಕುಂದ್ರಿ. ನಿಮ್ಮಿಂದ ಈ ಕ್ವಾಣಿ ಇನ್ನೂ ಐತಿ," ಎಂದು ಸರ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಪ್ರಾಚಾರ್ಯರು ಬಂದರು, ಹಿಂದೆ ಅದೇ ಟೇಪಿನವರು. ಸರ್ ಇನ್ನೇನು ಬಟನ್ ಒತ್ತಬೇಕು, ಕರೆಂಟ್ ಹೋಯಿತು. ವೇಳಾಪಟ್ಟಿಯ ಪ್ರಕಾರ ಇನ್ನೂ ಎರಡು ತಾಸು ಇತ್ತು! ಮೀಟರು ಸತ್ತಿತು, ಯಂತ್ರ ಸತ್ತಿತು. ಪ್ರಾಚಾರ್ಯರು ಕತ್ತಲಲ್ಲೇ, "ಇರಲಿ, ರಜೆ ಮುಗಿದ ಮೇಲೆ ಒಮ್ಮೆ ನೋಡೋಣ," ಎಂದು ಮರಾಠಿಯಲ್ಲಿ ಹೇಳಿ ಹೊರಡಲು ತಿರುಗಿದರು. ರಜೆ ಮುಗಿಯುವಷ್ಟರಲ್ಲಿ ಕೋಣೆಯೇ ಇರುವುದಿಲ್ಲವೆಂದು ನಮಗೆ ಗೊತ್ತಿತ್ತು.

"ಒಂದು ನಿಮಿಷ ನಿಲ್ರಿ!" ನಾನು ಇಷ್ಟು ಜೋರಾಗಿ ಕೂಗಿದೆನೆಂದರೆ ನನಗೇ ಹೆದರಿಕೆಯಾಯಿತು. ಜೇಬಿನಲ್ಲಿ ಇಡುವಂಥ ಸಣ್ಣ ಮೀಟರ್ ಒಂದಿತ್ತು. ಅದರ ಹೊಟ್ಟೆಯೊಳಗೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಬಾಗಿಲ ಬೆಳಕಿಗೆ ಹಿಡಿದು, ಸ್ಕ್ರೂ ಬಿಚ್ಚಿ ಅದನ್ನು ತೆಗೆದೆ.

"ಒಂಬತ್ತಕ್ಕ ಸಾದಾ ಚೌಕ ಹತ್ತೂದಿಲ್ಲ," ಎಂದರು ಸರ್.

"ಅದಕ್ಕ ಅದನ್ನ ಮೊದಲ ಹಚ್ಚೋಣ್ರಿ."

ಬಾಗಿಲು ಮುಚ್ಚಿದೆವು. ಬರೀ ಪಾಲಿಮರಿನ ಚೌಕಕ್ಕೆ ವೈರು ಮುಟ್ಟಿಸಿದೆ. ಏನೂ ಇಲ್ಲ, ಕತ್ತಲೆ. ಟೇಪಿನವರು ಕೆಮ್ಮಿದರು. ಅದೇ ಬ್ಯಾಟರಿಯ ಅದೇ ವೈರುಗಳನ್ನು ಕಣ ಬೆರೆಸಿದ ಚೌಕಕ್ಕೆ ಮುಟ್ಟಿಸಿದೆ.

ಕಿತ್ತಳೆ ಬಣ್ಣ ಸದ್ದಿಲ್ಲದೆ ಹತ್ತಿಕೊಂಡಿತು. ಆ ಕರಿ ಕೋಣೆಯಲ್ಲಿ ಮೊದಲು ನನ್ನ ಬೆರಳು ಕಂಡವು, ಆಮೇಲೆ ಹತ್ತಿರ ಬಾಗಿದ್ದ ಆಯಿಯ ಬೆರಳು, ಅವಳ ಹಿತ್ತಾಳೆ ತಂಬಿಗೆಯ ಅಂಚು.

"ಅರೇ!" ಎಂದರು ಪ್ರಾಚಾರ್ಯರು. "ಅದು ಯಾಕೆ ಹತ್ತಲಿಲ್ಲ, ಇದು ಯಾಕೆ ಹತ್ತಿತು?"

ಸರ್ ಹೇಳತೊಡಗಿದರು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ, ಅವತ್ತು ಮಾತು ತೊದಲಿ ಎರಡು ಸಲ ಮೊದಲಿಂದ ಶುರು ಮಾಡಿದರು. ಆಯಿಗೆ ಅದೆಲ್ಲ ಬೇಕಿರಲಿಲ್ಲ. "ಎಷ್ಟೊತ್ತ ಇರತೈತಿ ಇದು?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಬ್ಯಾಟರಿಯ ಮೇಲೆ ಎಂದೂ ಹಚ್ಚಿ ನೋಡಿರಲಿಲ್ಲ, ಗೊತ್ತಿಲ್ಲ ಎಂದೆ. ಎಲ್ಲರೂ ಅದನ್ನೇ ನೋಡುತ್ತ ನಿಂತೆವು. ಚಹಾ ಕುದಿಯುವಷ್ಟು ಹೊತ್ತು ಆಯಿತು, ಊಟ ಮುಗಿಯುವಷ್ಟು ಹೊತ್ತು ಆಯಿತು. ಬಾಗಿಲ ಸಂದಿಯಿಂದ ಹೊರಗಿನ ಟ್ಯೂಬ್‌ಲೈಟ್ ಮಿಣಮಿಣ ಎಂದು ಹತ್ತಿದ್ದು ಕಾಣಿಸಿತು, ಕರೆಂಟ್ ಬಂದಿತ್ತು. ಒಳಗಿನ ನಮ್ಮ ಚೌಕ ಇನ್ನೂ ಬೆಳಗುತ್ತಿತ್ತು. ಪ್ರಾಚಾರ್ಯರು ಹೊರಡುವ ಮುಂಚೆ ಟೇಪಿನವರಿಗೆ, "ಅರ್ಧ ಕೋಣೆ ಅಳೆಯಿರಿ, ಕಿಟಕಿ ಕಡೆಯದ್ದು. ಈ ಕಡೆಯದು ಇವರಿಗಿರಲಿ," ಎಂದರು. ಆ ಅರ್ಧ ಕೋಣೆಯಲ್ಲಿ ನನ್ನ ಎಂ.ಫಿಲ್. ಆಯಿತು. ನಡುವಿನ ಪ್ಲೈವುಡ್ ಗೋಡೆಯಾಚೆ ಕಂಪ್ಯೂಟರ್ ಕೀಲಿಗಳ ಕಟಕಟ, ಈಚೆ ನಾವು. ಸರ್ ನಿವೃತ್ತಿಯಾಗುವ ದಿನದವರೆಗೂ ಅಲ್ಲೇ ಕೂತರು.

ಆ ದಿನ ಆಯಿ ಮನೆಗೆ ಬಂದವಳೇ ಟ್ರಂಕು ತೆಗೆದು ನೀರು ಸೋಸಲು ಎತ್ತಿಟ್ಟಿದ್ದ ಹೊಸ ಬಿಳಿ ಅರಿವೆ ಹೊರತೆಗೆದಳು. ನಡುವೆ ಹಲ್ಲಿನಿಂದ ಕಚ್ಚಿ ಪರ್ ಎಂದು ಹರಿದು ಎರಡು ಮಾಡಿ, ಒಂದನ್ನು ಬಾವಿಯ ಕಟ್ಟೆಗೆ ಒಯ್ಯಲೆಂದು ಹೆಗಲಿಗೆ ಹಾಕಿಕೊಂಡಳು. ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು.

"ಇದು ನಿನ್ನ ಕ್ವಾಣಿಗೆ," ಎಂದಳು. "ಒಣಗಾಕ ಬಿಡಬ್ಯಾಡ."

ಆಯಿ ಈಗಿಲ್ಲ. ಅವಳು ಹರಿದುಕೊಟ್ಟ ಅರ್ಧ ಅರಿವೆ ಈಗ ನಾನು ಪಾಠ ಹೇಳುವ ಊರಿನಲ್ಲಿ, ನನ್ನ ಲ್ಯಾಬಿನ ಬಾಗಿಲ ಮೊಳೆಗೆ ತೂಗುತ್ತದೆ. ಹೊಸ ಹುಡುಗಿಯರು ಬಂದರೆ ಇದೇನು ಮೇಡಂ ಎಂದು ಕೇಳುತ್ತಾರೆ. ನಾನು ಅವರು ಸೋಸಿಟ್ಟ ಬಾಟ್ಲಿಯನ್ನು ಪಕ್ಕಕ್ಕೆ ಸರಿಸಿ, ಆಯಿಯ ದನಿಯಲ್ಲೇ ಕೇಳುತ್ತೇನೆ: "ಅದಿರಲಿ, ಉಳದದ್ದು ಎಲ್ಲಿಟ್ಟಿ, ತೋರಿಸು."